ಮೊದಲ ಸಂಗ್ರಹಕ್ಕೆ ಯಾವ ಹಳೆಯ ಪಿಸ್ತೂಲು, ಅದಕ್ಕೆ ತೋಟಾ ಎಲ್ಲಿಂದ?

ಹೊಸ ಸಂಗ್ರಾಹಕ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಶೂಟಿಂಗ್ ರೇಂಜ್‌ನಲ್ಲಿ ತಪ್ಪದೆ ಅಭ್ಯಾಸ ಮಾಡುತ್ತಿದ್ದೇನೆ, ಪರವಾನಗಿಯ ಕೆಲಸವೂ ಮುಗಿದಿದೆ. ಇಷ್ಟು ದಿನ ಹಾರಿಸಿದ್ದೆಲ್ಲ ಈಚಿನ ಕಾಲದ ಪಿಸ್ತೂಲುಗಳನ್ನೇ. ಈಗ ಇತಿಹಾಸವಿರುವ ಒಂದು ಹಳೆಯ ಪಿಸ್ತೂಲನ್ನು ಕೊಳ್ಳಬೇಕು, ಅದನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುವುದಷ್ಟೇ ಅಲ್ಲದೆ ವರ್ಷಕ್ಕೆ ಒಂದೆರಡು ಸಲವಾದರೂ ರೇಂಜ್‌ಗೆ ಕೊಂಡೊಯ್ದು ಹಾರಿಸಬೇಕು ಎಂಬ ಆಸೆ ಹುಟ್ಟಿದೆ.

ನನ್ನ ಮನಸ್ಸಿನಲ್ಲಿರುವುದು ಮೂರು. ಒಂದು, ಜರ್ಮನಿಯ ಲ್ಯೂಗರ್ ಪಿ08. ಎರಡು, ಸೋವಿಯತ್ ಟೋಕರೆವ್ ಟಿಟಿ-33 ಅಥವಾ ಅದೇ ತೋಟಾ ಬಳಸುವ ಚೆಕ್ ಸೈನ್ಯದ ಸಿಝಡ್ 52. ಮೂರು, ಬ್ರಿಟಿಷರ ವೆಬ್ಲಿ ಮಾರ್ಕ್ 6 ರಿವಾಲ್ವರ್. ಲ್ಯೂಗರ್‌ನ ರೂಪಕ್ಕೆ ಮನಸೋತಿದ್ದೇನೆಂದು ಒಪ್ಪಿಕೊಂಡುಬಿಡುತ್ತೇನೆ. ಆದರೆ ಮೊದಲ ಖರೀದಿಯಲ್ಲೇ ಮುಗ್ಗರಿಸಲು ಇಷ್ಟವಿಲ್ಲ.

ಇನ್ನೊಂದು ವಿಷಯ. ಪರಿಚಿತ ವ್ಯಾಪಾರಿಯೊಬ್ಬರು 7.62×25 ತೋಟಾಗಳ ಮುಚ್ಚಿದ ತಗಡಿನ ಡಬ್ಬವೊಂದನ್ನು ತೋರಿಸಿ, "ಸೈನ್ಯದ ಮಾಲು, ಡಬ್ಬ ಒಡೆದಿಲ್ಲ, ಹೊಸದರಂತೆಯೇ ಇದೆ" ಎಂದರು. ಟೋಕರೆವ್ ಕೊಳ್ಳುವುದಾದರೆ ಈ ಡಬ್ಬವನ್ನೂ ಜೊತೆಗೇ ತೆಗೆದುಕೊಳ್ಳುವುದು ಜಾಣತನವೇ? ಈ ಹಳೆಯ ಆಯುಧಗಳಿಗೆ ಇಂದು ಮದ್ದುಗುಂಡು ಸಿಗುವ ಪರಿಸ್ಥಿತಿ ಹೇಗಿದೆ? ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಹಳೇಕಬ್ಬಿಣ:

ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲಿಗೆ ತಂದರೆ ಅರ್ಧ ಉತ್ತರ ತಾನಾಗಿಯೇ ಸಿಕ್ಕಿಬಿಡುತ್ತದೆ. ಹಾರಿಸಬೇಕೆಂದು ಕೊಳ್ಳುವವರು ಮೊದಲು ತೋಟಾವನ್ನು ಆರಿಸಿಕೊಳ್ಳಬೇಕು, ಆ ಮೇಲೆ ಅದನ್ನು ನುಂಗುವ ಪಿಸ್ತೂಲನ್ನು ಹುಡುಕಬೇಕು. ನಾನು ಇದನ್ನು ತಿರುವುಮುರುವಾಗಿ ಮಾಡಿದವನು. ನನ್ನ ಮೊದಲ ಖರೀದಿ ನಾಗಾಂತ್ ಎಂ1895 ರಿವಾಲ್ವರ್. ಹಾರಿಸುವ ಹೊತ್ತಿಗೆ ಅದರ ತಿರುಗುಗೂಡು ಮುಂದಕ್ಕೆ ಸರಿದು ನಳಿಗೆಯ ಬಾಯಿಗೆ ಒತ್ತಿಕೊಳ್ಳುತ್ತದೆ, ತೋಟಾದ ಹಿತ್ತಾಳೆಯ ಅಂಚು ಗುಂಡಿಗಿಂತ ಮುಂದೆ ಚಾಚಿಕೊಂಡಿದ್ದು ಆ ಸಂದನ್ನು ಮುಚ್ಚಿ ಅನಿಲ ಸೋರದಂತೆ ತಡೆಯುತ್ತದೆ. ಆ ಯಂತ್ರಕೌಶಲಕ್ಕೆ ಮರುಳಾಗಿ ಕೊಂಡೆ. ಕೊಂಡು ಮನೆಗೆ ತಂದ ಮೇಲೆ ಆ ವಿಚಿತ್ರ 7.62×38 ತೋಟಾಕ್ಕಾಗಿ ಹನ್ನೊಂದು ತಿಂಗಳು ಕಾದೆ. ಫಿಯೋಕಿ, ಪ್ರ್ವಿ ಪಾರ್ತಿಜಾನ್‌ನಂತಹ ಕಾರ್ಖಾನೆಗಳು ಅದನ್ನು ತಯಾರಿಸುತ್ತವೆ ಎನ್ನುವುದು ನಿಜ. ಆದರೆ ಇಂತಹ ಅಪರೂಪದ ತೋಟಾಗಳನ್ನು ಅವರು ವರ್ಷವಿಡೀ ಮಾಡುತ್ತಾ ಕೂರುವುದಿಲ್ಲ. ಒಂದು ಸರದಿಯಲ್ಲಿ ಮಾಡಿ ಬಿಟ್ಟುಬಿಡುತ್ತಾರೆ, ಅದು ಖಾಲಿಯಾದರೆ ಮುಂದಿನ ಸರದಿಯವರೆಗೆ ಕಾಯಬೇಕು.

ನಿಮ್ಮ ಮೂರನ್ನೂ ಈ ಕಣ್ಣಿನಿಂದ ನೋಡೋಣ.

ವೆಬ್ಲಿ ಮಾರ್ಕ್ 6 ಸೈನ್ಯಕ್ಕೆ ಬಂದದ್ದು 1915ರಲ್ಲಿ, ಅದರ ತೋಟಾ .455. ಗಟ್ಟಿಮುಟ್ಟಾದ ಆಯುಧ, ನಡುವೆ ಮುರಿದು ತೆರೆದರೆ ಆರೂ ಖಾಲಿ ತೋಟಾಗಳು ಒಟ್ಟಿಗೇ ಮೇಲೆದ್ದು ಬರುವ ಆ ಕ್ಷಣಕ್ಕೆ ಬೇರೆ ಸಾಟಿಯಿಲ್ಲ. ಆದರೆ ಇಲ್ಲೊಂದು ಗುಂಡಿ ಇದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋದ ಬಹಳಷ್ಟು ವೆಬ್ಲಿಗಳ ತಿರುಗುಗೂಡಿನ ಹಿಂಬದಿಯನ್ನು ತುರಿದು, ಅರ್ಧಚಂದ್ರದ ಆಕಾರದ ಕ್ಲಿಪ್‌ಗಳ ನೆರವಿನಿಂದ ಅಮೆರಿಕದ ಪಿಸ್ತೂಲು ತೋಟಾವಾದ .45 ಎಸಿಪಿ ಹಿಡಿಸುವಂತೆ ಮಾಡಿದರು. ಸುಲಭವಾಗಿ ಸಿಗುವ ತೋಟಾ ಎಂಬ ಕಾರಣಕ್ಕೆ ಮಾರುವವರು ಇದನ್ನೇ ದೊಡ್ಡ ಅನುಕೂಲವೆಂಬಂತೆ ಹೇಳುತ್ತಾರೆ. ವಾಸ್ತವದಲ್ಲಿ .45 ಎಸಿಪಿಯ ಗರಿಷ್ಠ ಒತ್ತಡ ಒಂದು ಚದರ ಇಂಚಿಗೆ 21,000 ಪೌಂಡ್. ವೆಬ್ಲಿಯನ್ನು ಕಟ್ಟಿದ್ದು ಅದಕ್ಕಿಂತ ಬಹಳ ಮೆತ್ತನೆಯ ತೋಟಾಕ್ಕೆ. ಕಾರ್ಖಾನೆಯ .45 ಎಸಿಪಿ ಹಾಕಿ ಹಾರಿಸಿದರೆ ಪ್ರತಿಯೊಂದು ಗುಂಡೂ ಆಯುಧದ ಗಟ್ಟಿತನ ನೋಡಲು ಹೆಚ್ಚಿನ ಒತ್ತಡದಲ್ಲಿ ಹಾರಿಸುವ ಪರೀಕ್ಷೆಯ ಗುಂಡೇ. ಹಿಂಬದಿ ತುರಿಯದ ವೆಬ್ಲಿ ಸಿಕ್ಕರೆ, .455 ತೋಟಾದ ದಾರಿ ಖಚಿತವಾಗಿದ್ದರೆ, ಕೊಳ್ಳಿ. ಇಲ್ಲವಾದರೆ ನೋಡಿ ಸಂತೋಷಪಟ್ಟು ಮುಂದೆ ನಡೆಯಿರಿ.

ಟೋಕರೆವ್ ಮತ್ತು ಸಿಝಡ್ 52ರ ತೋಟಾ ಒಂದೇ, 7.62×25. ಒಂದು ಕಾಲದಲ್ಲಿ ಸೈನ್ಯಗಳ ಉಗ್ರಾಣಗಳಿಂದ ಇದು ಹೊಳೆಯಂತೆ ಹರಿದುಬಂತು. ಆ ಹೊಳೆ ಈಗ ಬತ್ತುತ್ತಿದೆ. ಹೊಸದಾಗಿ ಮಾಡಿದ ತೋಟಾ ಸಿಗುತ್ತದೆ, ಆದರೆ 9 ಮಿ.ಮೀ. ತೋಟಾದಷ್ಟು ಧಾರಾಳವಾಗಿ ಅಲ್ಲ. ಎರಡರಲ್ಲಿ ನನ್ನ ಒಲವು ಟೋಕರೆವ್ ಕಡೆಗೆ. ಅದರಲ್ಲಿ ಕೈಯಿಂದ ಹಾಕುವ ಸೇಫ್ಟಿಯೇ ಇಲ್ಲ, ಸುತ್ತಿಗೆಯನ್ನು ಅರ್ಧ ಎತ್ತಿ ನಿಲ್ಲಿಸುವುದಷ್ಟೇ, ಹಾಗಾಗಿ ರೇಂಜ್‌ನಲ್ಲಿ ನಿಂತಾಗಲೇ ತುಂಬಬೇಕು, ಅಲ್ಲೇ ಖಾಲಿ ಮಾಡಬೇಕು. ಸಿಝಡ್ 52ರ ಉರುಳೆಗಳ ಬೀಗ, ಅಂದರೆ ಗುಂಡು ಹಾರುವಾಗ ನಳಿಗೆಯ ಹಿಂಬದಿ ತೆರೆಯದಂತೆ ಹಿಡಿದಿಡುವ ಭಾಗ, ಜಾಣ ವಿನ್ಯಾಸವೇ. ಆದರೆ ಅದರ ಮೂಲ ಫೈರಿಂಗ್ ಪಿನ್ (ತೋಟಾದ ತಳಕ್ಕೆ ಬಡಿಯುವ ಮೊಳೆ) ಗಡಸಾಗಿ ತುಂಡಾಗುವ ಸ್ವಭಾವದ್ದು. ತೋಟಾವಿಲ್ಲದೆ ಕುದುರೆ (ಟ್ರಿಗರ್) ಎಳೆದು ಆಡುವ ಅಭ್ಯಾಸವಿದ್ದವರ ಕೈಯಲ್ಲಿ ಅದು ಬಾಳುವುದಿಲ್ಲ. ಸುತ್ತಿಗೆಯನ್ನು ಇಳಿಸುವ ಅದರ ಸನ್ನೆಯನ್ನಂತೂ ತುಂಬಿದ ಪಿಸ್ತೂಲಿನಲ್ಲಿ ನಂಬಲೇಬಾರದು.

ಲ್ಯೂಗರ್‌ನ ತೋಟಾ 9 ಮಿ.ಮೀ. ಪ್ಯಾರಾಬೆಲ್ಲಂ, ಜಗತ್ತಿನಲ್ಲಿ ಅತ್ಯಂತ ಸುಲಭವಾಗಿ ಸಿಗುವ ಪಿಸ್ತೂಲು ತೋಟಾ. ತೋಟಾದ ಲೆಕ್ಕದಲ್ಲಿ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕು. ಆದರೂ ಒಂದು ಮಾತು. ಸ್ವಿಸ್ ಸೈನ್ಯ 1900ರಲ್ಲಿ ಈ ಪಿಸ್ತೂಲನ್ನು ಒಪ್ಪಿಕೊಂಡದ್ದು 7.65 ಮಿ.ಮೀ.ನಲ್ಲಿ. ಮೊದಲ ಮಹಾಯುದ್ಧದ ನಂತರ 1920ರ ದಶಕದಲ್ಲಿ ಮಾರಾಟವಾದ ಅನೇಕ ಲ್ಯೂಗರ್‌ಗಳಿಗೂ 7.65ರ ನಳಿಗೆಯನ್ನೇ ಹಾಕಿದ್ದರು. ಹೊರನೋಟಕ್ಕೆ ಎಲ್ಲವೂ ಒಂದೇ. ನಳಿಗೆಯ ಗಾತ್ರವನ್ನು ಅಳೆದು ನೋಡದೆ "ಲ್ಯೂಗರ್ ಎಂದರೆ ಒಂಬತ್ತೇ ಅಲ್ಲವೇ" ಎಂದು ಕೊಂಡವರಿದ್ದಾರೆ.

ಇಷ್ಟು ಹೇಳಿಯೂ ನನ್ನ ಸಲಹೆ ನಿಮ್ಮ ಪಟ್ಟಿಯಲ್ಲಿಲ್ಲದ ಇನ್ನೊಂದು: ವಾಲ್ಥರ್ ಪಿ38. ತೋಟಾ ಅದೇ 9 ಮಿ.ಮೀ., ಜರ್ಮನ್ ಸೈನ್ಯ ಲ್ಯೂಗರ್‌ನ ಬದಲಿಗೆ ಆರಿಸಿಕೊಂಡದ್ದು ಇದನ್ನೇ, ಬಿಡಿಭಾಗ ಇಂದಿಗೂ ಸಿಗುತ್ತದೆ. ಇತಿಹಾಸಕ್ಕಂತೂ ಕೊರತೆಯಿಲ್ಲ.

ಜೋಡಿಸಂಖ್ಯೆ:

ಹಳೇಕಬ್ಬಿಣ ಅವರ ತರ್ಕವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿ ಒಪ್ಪುವುದಿಲ್ಲ. ಲ್ಯೂಗರ್‌ಗೆ ಮನಸೋತವರಿಗೆ ಪಿ38 ಕೊಡಿಸಿದರೆ ಒಂದು ವರ್ಷದೊಳಗೆ ಅವರು ಅದನ್ನು ಮಾರಿ ಲ್ಯೂಗರನ್ನೇ ಕೊಳ್ಳುತ್ತಾರೆ, ನಡುವೆ ಹಣವೂ ಹೋಗುತ್ತದೆ, ಪರವಾನಗಿಯ ಕಾಗದಗಳ ಓಡಾಟವೂ ಎರಡು ಪಟ್ಟಾಗುತ್ತದೆ. ಪ್ರಶ್ನೆ ಇರುವುದು ಯಾವ ಲ್ಯೂಗರ್ ಎನ್ನುವುದರಲ್ಲಿ.

ಪಿ08ರ ಸಣ್ಣ ಸಣ್ಣ ಭಾಗಗಳ ಮೇಲೂ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಒತ್ತಿರುತ್ತಾರೆ. ಮೊಣಕಾಲಿನಂತೆ ಮಡಚಿಕೊಂಡು ಮೇಲೇಳುವ ಆ ಟಾಗಲ್‌ನ ಭಾಗಗಳು, ಪಕ್ಕದ ತಗಡು, ಸೇಫ್ಟಿಯ ಸನ್ನೆ, ಖಾಲಿ ತೋಟಾವನ್ನು ಎಳೆದು ತೆಗೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್, ಎಲ್ಲದರಲ್ಲೂ ಅವೇ ಎರಡು ಅಂಕಿ. ಸೈನ್ಯಕ್ಕೆ ಕೊಟ್ಟ ಪಿಸ್ತೂಲುಗಳ ಮ್ಯಾಗಜಿನ್ ತಳದಲ್ಲೂ ಸಂಖ್ಯೆ ಇರುತ್ತಿತ್ತು, ಎರಡನೆಯ ಮ್ಯಾಗಜಿನ್ ಆಗಿದ್ದರೆ ಅದರ ಪಕ್ಕದಲ್ಲಿ ಒಂದು ಕೂಡಿಸುವ ಚಿಹ್ನೆ. ಎಲ್ಲವೂ ಹೊಂದಿಕೊಂಡರೆ ಸಂಗ್ರಾಹಕರು ಕೊಡುವ ಬೆಲೆಯೇ ಬೇರೆ. ಒಂದೇ ಒಂದು ಭಾಗ ಬದಲಾಗಿದ್ದರೂ ಅದು "ಹಾರಿಸುವವರ ಲ್ಯೂಗರ್" ಎನ್ನಿಸಿಕೊಂಡು ಕೆಳಗಿಳಿಯುತ್ತದೆ.

ಇದರಿಂದ ನಾನು ಪಾಠ ಕಲಿತ ಬಗೆಯನ್ನು ಹೇಳುತ್ತೇನೆ. ನನ್ನ ಬಳಿ ಎಲ್ಲ ಸಂಖ್ಯೆಗಳೂ ಹೊಂದುವ 1916ರ ಲ್ಯೂಗರ್ ಇತ್ತು. ಅದರ ಎಕ್ಸ್‌ಟ್ರಾಕ್ಟರ್‌ನ ಎಡಪಕ್ಕದಲ್ಲಿ "ಗೆಲಾಡೆನ್" ಎಂಬ ಜರ್ಮನ್ ಪದ ಕೆತ್ತಿರುತ್ತದೆ. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಕೋಣೆಯಲ್ಲಿ ತೋಟಾ ಇದ್ದಾಗ ಆ ಕೊಕ್ಕೆ ತುಸು ಮೇಲೆದ್ದು ಆ ಪದ ಕಣ್ಣಿಗೆ ಬೀಳುತ್ತದೆ, "ತುಂಬಿದೆ" ಎಂದು ಅರ್ಥ. ಒಂದು ಭಾನುವಾರ ಆಸೆ ತಡೆಯಲಾರದೆ ರೇಂಜ್‌ಗೆ ಒಯ್ದೆ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಗುಂಡಿಗೆ ಟಿಣ್ ಎಂಬ ಸಣ್ಣ ಸದ್ದಾಯಿತು, ಖಾಲಿ ತೋಟಾ ಹೊರಗೆ ಬರಲಿಲ್ಲ. ನೋಡಿದರೆ ಕೊಕ್ಕೆಯ ಮೂತಿ ಮುರಿದಿತ್ತು. ಮೊಣಕಾಲೂರಿ ಸಿಮೆಂಟಿನ ನೆಲವನ್ನೆಲ್ಲ ಗುಡಿಸಿದರೂ ಆ ಚೂರು ಸಿಗಲಿಲ್ಲ. ಹೊಸ ಎಕ್ಸ್‌ಟ್ರಾಕ್ಟರ್ ಹಾಕಿಸಿದೆ, ಪಿಸ್ತೂಲು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ನೂರು ವರ್ಷ ಜೊತೆಗಿದ್ದ ಸಂಖ್ಯೆಗಳ ಸರಪಳಿಯನ್ನು ಒಂದು ಮಧ್ಯಾಹ್ನದಲ್ಲಿ ಮುರಿದವನು ನಾನು.

ಆದ್ದರಿಂದ, ಹಾರಿಸುವ ಆಸೆಯಿದ್ದರೆ ಸಂಖ್ಯೆಗಳು ಈಗಾಗಲೇ ಹೊಂದದಿರುವ, ಯಂತ್ರಭಾಗ ಮಾತ್ರ ಆರೋಗ್ಯವಾಗಿರುವ ಲ್ಯೂಗರನ್ನು ಹುಡುಕಿ. ಮುರಿದರೆ ಮನಸ್ಸು ಮುರಿಯುವುದಿಲ್ಲ. ಹೊಂದಿಕೊಂಡ ಸಂಖ್ಯೆಗಳ ಪಿಸ್ತೂಲು ಸಿಕ್ಕಿದರೆ ಹಾರಿಸಬೇಡಿ, ಇಲ್ಲವೇ ಕೊಳ್ಳಬೇಡಿ.

ಮತ್ತೆ ಬಣ್ಣ ಹಾಕಿದ ಪಿಸ್ತೂಲನ್ನು ಗುರುತಿಸುವುದು ಕಷ್ಟವಲ್ಲ. ಬಣ್ಣಕ್ಕೆ ಮುಂಚೆ ಉಕ್ಕನ್ನು ಉಜ್ಜಿ ನಯ ಮಾಡಿರುತ್ತಾರೆ, ಹಾಗಾಗಿ ಚೂಪಾಗಿರಬೇಕಾದ ಅಂಚುಗಳು ದುಂಡಗಾಗಿರುತ್ತವೆ, ತೂತುಗಳ ಬಾಯಿ ಬಟ್ಟಲಿನಂತೆ ಒಳಗೆ ಇಳಿದಿರುತ್ತದೆ, ಅಕ್ಷರಗಳು ಸವೆದ ನಾಣ್ಯದ ಮುಖದಂತೆ ಮಸುಕಾಗಿರುತ್ತವೆ. ಮೊದಲ ಮಹಾಯುದ್ಧದ ಕಾಲದ ಲ್ಯೂಗರ್‌ನಲ್ಲಿ ಕುದುರೆ ಮತ್ತು ಕೆಲವು ಸಣ್ಣ ಸನ್ನೆಗಳು ಒಣಹುಲ್ಲಿನ ಹೊನ್ನಬಣ್ಣದಲ್ಲಿರುತ್ತವೆ. ಅವೂ ಕಡುನೀಲಿಯಾಗಿದ್ದರೆ ಯಾರೋ ಇಡೀ ಪಿಸ್ತೂಲನ್ನು ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದಾರೆ ಎಂದು ಸಂಶಯಪಡಬಹುದು. ಅಂತಹ ಪಿಸ್ತೂಲು ಹಾರಿಸಲು ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಮೂಲ ಬಣ್ಣದ ಬೆಲೆ ಕೊಡಬಾರದು.

ತುಕ್ಕುವೈರಿ:

ಪಿಸ್ತೂಲಿನ ಮಾತನ್ನು ಇಬ್ಬರೂ ಆಡಿದ್ದಾರೆ. ನಾನು ಆ ತಗಡಿನ ಡಬ್ಬಕ್ಕೆ ಬರುತ್ತೇನೆ.

"ಹೊಸದರಂತೆಯೇ ಇದೆ" ಎಂಬುದಕ್ಕೆ ಅರ್ಥವಿಲ್ಲ. ಯಾವ ವರ್ಷದ್ದು, ಯಾವ ಕೇಪು (ತೋಟಾದ ತಳದಲ್ಲಿದ್ದು ಮೊದಲು ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಬಟ್ಟಲು) ಎಂದು ಕೇಳಿ. ವರ್ಷವನ್ನು ಸಾಮಾನ್ಯವಾಗಿ ತೋಟಾದ ತಳದಲ್ಲಿ ಕಾರ್ಖಾನೆಯ ಗುರುತಿನ ಜೊತೆಗೇ ಒತ್ತಿರುತ್ತಾರೆ, ಡಬ್ಬದ ಮೇಲೂ ಬರೆದಿರುತ್ತದೆ. ಸೈನ್ಯದ ಹಳೆಯ 7.62×25 ತೋಟಾಗಳಲ್ಲಿ ಬಹುಪಾಲು ತುಕ್ಕು ತರುವ ಕೇಪಿನವು. ಆ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಅಡುಗೆ ಉಪ್ಪಿನ ಸೋದರ ಎಂದುಕೊಳ್ಳಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಹೇಗೆ ಒದ್ದೆಯಾಗುತ್ತದೋ ಹಾಗೆಯೇ ಅದು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನತೊಡಗುತ್ತದೆ. ತೇವವಿರುವ ಹವೆಯಲ್ಲಿ ಒಂದೇ ರಾತ್ರಿಯಲ್ಲಿ ನಳಿಗೆಯೊಳಗೆ ಕೆಂಪು ಪುಡಿ ಕಾಣಿಸಿಕೊಳ್ಳಬಹುದು.

ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಎಣ್ಣೆ ಸುರಿಯುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ರೇಂಜ್‌ನಿಂದ ಬಂದ ದಿನವೇ ಪಿಸ್ತೂಲು ಖಾಲಿಯಿದೆಯೇ ಎಂದು ಎರಡು ಸಲ ನೋಡಿ ಬಿಚ್ಚಿ, ನಳಿಗೆ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್‌ನ ಮುಖ, ಮ್ಯಾಗಜಿನ್‌ನ ತುಟಿ ಇವನ್ನೆಲ್ಲ ಸಾಬೂನು ಬೆರೆಸಿದ ಬಿಸಿನೀರಿನಿಂದ ತೊಳೆದು, ಬಟ್ಟೆಯ ಚೂರು ಒಣಗಿ ಬರುವವರೆಗೆ ಒರೆಸಿ, ಆ ಮೇಲೆ ಎಂದಿನಂತೆ ಶುಚಿಗೊಳಿಸಿ ತೆಳುವಾಗಿ ಎಣ್ಣೆ ಸವರಿ. ಬಿಸಿನೀರಾದರೆ ಉಕ್ಕು ತಾನೇ ಬೇಗ ಒಣಗುತ್ತದೆ. ನಾನು ಇದನ್ನು ಹದಿನೈದು ವರ್ಷಗಳಿಂದ ಮಾಡುತ್ತಿದ್ದೇನೆ, ನನ್ನ ಟೋಕರೆವ್‌ನ ನಳಿಗೆ ಇಂದಿಗೂ ಕನ್ನಡಿಯಂತಿದೆ.

ಈ ತೋಟಾಗಳು ಸಾಮಾನ್ಯವಾಗಿ ಬರ್ಡನ್ ಕೇಪಿನವು ಎನ್ನುವುದನ್ನೂ ನೆನಪಿಡಿ. ಬಾಕ್ಸರ್ ಕೇಪಿನ ತೋಟಾದ ತಳದಲ್ಲಿ ನಡುವೆ ಒಂದೇ ತೂತು, ಕೇಪನ್ನು ಕಡ್ಡಿಯಿಂದ ತಳ್ಳಿ ತೆಗೆದು ಹಿತ್ತಾಳೆಯನ್ನು ಮತ್ತೆ ತುಂಬಿಕೊಳ್ಳಬಹುದು. ಬರ್ಡನ್‌ನಲ್ಲಿ ಎರಡು ಪುಟ್ಟ ತೂತುಗಳು ಪಕ್ಕಕ್ಕಿರುತ್ತವೆ, ಕಡ್ಡಿಗೆ ದಾರಿಯೇ ಇಲ್ಲ. ಆ ಡಬ್ಬ ಕೊಂಡರೆ ಹಾರಿಸಿದ ಹಿತ್ತಾಳೆ ಗುಜರಿಗೇ ಹೋಗುತ್ತದೆ.

ಹಳೆಯ ತೋಟಾವನ್ನು ಕೈಗೆತ್ತಿಕೊಂಡಾಗ ನಾನು ನೋಡುವುದು ಮೂರು ಜಾಗ. ಕತ್ತಿನಲ್ಲಿ ಕೂದಲೆಳೆಯ ಬಿರುಕು, ಕೇಪಿನ ಸುತ್ತ ಹಸಿರು ಕಿಲುಬು, ಬೆರಳಿನಿಂದ ಒತ್ತಿದರೆ ಒಳಗೆ ಸರಿಯುವ ಗುಂಡು. ಇವುಗಳಲ್ಲಿ ಯಾವುದೊಂದು ಕಂಡರೂ ಅದನ್ನು ಪಕ್ಕಕ್ಕಿಡುತ್ತೇನೆ. ಅಂದಹಾಗೆ, ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ತೋಟಾ ಸಿಕ್ಕಿಸಿಡುವುದು ಚಿತ್ರಕ್ಕೆ ಚೆಂದ, ಹಿತ್ತಾಳೆಗೆ ವಿಷ. ಚರ್ಮ ಹದಮಾಡುವ ರಸಾಯನವೇ ಆ ಹಸಿರು ಕಿಲುಬನ್ನು ಬರಿಸುತ್ತದೆ.

ಕಣ್ಣಿಗೆ ಕಾಣದ ದೋಷವೂ ಇದೆ. ಒಮ್ಮೆ ಹಳೆಯ ಡಬ್ಬವೊಂದರ ತೋಟಾಗಳನ್ನು ಹಾರಿಸುತ್ತಿದ್ದಾಗ ಐದನೆಯದಕ್ಕೆ ಢಂ ಎನ್ನುವ ಬದಲು ಪಟಾಕಿ ಟುಸ್ಸೆಂದಂತಹ ಸದ್ದು ಬಂತು, ಕೈಗೆ ಒದೆತವೇ ಬರಲಿಲ್ಲ. ಅಭ್ಯಾಸಬಲದಿಂದ ಎಡಗೈ ಸ್ಲೈಡ್ ಎಳೆಯಲು ಹೋಗಿತ್ತು. ಪಕ್ಕದಲ್ಲಿದ್ದ ರೇಂಜ್ ಅಧಿಕಾರಿ "ನಿಲ್ಲಿಸಿ" ಎಂದು ಕೂಗದಿದ್ದರೆ ಆರನೆಯದನ್ನೂ ಹಾರಿಸಿಬಿಡುತ್ತಿದ್ದೆನೋ ಏನೋ. ಖಾಲಿ ಮಾಡಿ, ಬಿಚ್ಚಿ, ನಳಿಗೆಯೊಳಗೆ ಹಿತ್ತಾಳೆಯ ಕಡ್ಡಿ ತೂರಿಸಿದರೆ ಅರ್ಧ ದಾರಿಯಲ್ಲೇ ತಡೆಯಿತು. ಗುಂಡು ಅಲ್ಲೇ ಸಿಕ್ಕಿಕೊಂಡಿತ್ತು. ಅದರ ಬೆನ್ನಿಗೆ ಇನ್ನೊಂದು ಬಂದಿದ್ದರೆ ನಳಿಗೆ ಸೀಳುತ್ತಿತ್ತು. ಇದಕ್ಕೆ ವಿರುದ್ಧವಾದದ್ದು ತಡವಾಗಿ ಸಿಡಿಯುವ ತೋಟಾ: ಕುದುರೆ ಎಳೆದರೆ ಕ್ಲಿಕ್ ಎಂದಷ್ಟೇ ಕೇಳಿಸುತ್ತದೆ, ನೀವು ಪಿಸ್ತೂಲನ್ನು ತಿರುಗಿಸಿ ನೋಡುವಷ್ಟರಲ್ಲಿ ಅದು ಸಿಡಿಯುತ್ತದೆ. ಹಾಗಾಗಿ ಕ್ಲಿಕ್ ಎಂದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಲ್ಲಿನಂತೆ ನಿಂತಿರಬೇಕು.

ಇಷ್ಟೆಲ್ಲ ಹೇಳಿ ಡಬ್ಬ ಬೇಡವೆನ್ನುತ್ತಿದ್ದೇನೆಯೇ? ಇಲ್ಲ. ತುಕ್ಕಿನ ವಿಷಯ ತಿಳಿದು, ತೊಳೆಯುವ ತಾಳ್ಮೆಯಿರುವವರಿಗೆ ಅದು ಒಳ್ಳೆಯ ಮಾಲೇ. ಆದರೆ ಹಳೆಯ ಪಿಸ್ತೂಲಿನ ಮೊದಲ ದಿನವೇ ಹಳೆಯ ತೋಟಾವನ್ನೂ ಸೇರಿಸಬೇಡಿ. ಎರಡರಲ್ಲಿ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ಡಬ್ಬ ಬಹಳ ಹಳೆಯದಾಗಿದ್ದು ಚೀಟಿ, ಮುದ್ರೆ ಎಲ್ಲ ಹಾಗೇ ಇದ್ದರೆ ಒಡೆಯದೆ ಇಡುವುದೇ ಲಾಭ. ತೋಟಾದ ಡಬ್ಬಗಳನ್ನೇ ಸಂಗ್ರಹಿಸುವವರೂ ಇದ್ದಾರೆ.

ಕೊನೆಯದಾಗಿ, ಯಾರಾದರೂ ನಿಮಗೆ ಮೌಸರ್ ಸಿ96 ಎಂಬ ಹಳೆಯ ಜರ್ಮನ್ ಪಿಸ್ತೂಲು ತೋರಿಸಿ "ಟೋಕರೆವ್ ತೋಟಾ ಇದರಲ್ಲೂ ಹಿಡಿಸುತ್ತದೆ" ಎಂದರೆ ಹೌದು, ಹಿಡಿಸುತ್ತದೆ. 7.63 ಮೌಸರ್ ಮತ್ತು 7.62 ಟೋಕರೆವ್ ಅಳತೆಯಲ್ಲಿ ಅಷ್ಟು ಹತ್ತಿರ. ಆದರೆ ಟೋಕರೆವ್ ತೋಟಾದ ಒತ್ತಡ ಸಾಮಾನ್ಯವಾಗಿ ಹೆಚ್ಚು, ಆ ಮೌಸರ್‌ನ ವಯಸ್ಸು ನೂರರ ಹತ್ತಿರವೋ ಅದಕ್ಕಿಂತ ಹೆಚ್ಚೋ ಆಗಿರುತ್ತದೆ. ಬೀಗದ ಕೈ ತಿರುಗಿತೆಂದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ.

ಹೊಸ ಸಂಗ್ರಾಹಕ:

ಮೂವರಿಗೂ ಕೃತಜ್ಞತೆಗಳು. ಡಬ್ಬದ ತಳದ ಗುರುತು ನೋಡಿಬಂದೆ, 1953ನೆಯ ಇಸವಿಯದು. ಸದ್ಯಕ್ಕೆ ಅದನ್ನು ಅಲ್ಲೇ ಬಿಟ್ಟಿದ್ದೇನೆ. ವೆಬ್ಲಿಯನ್ನೂ ನೋಡಿದೆ, ಹಿಂಬದಿ ತುರಿದದ್ದೇ ಆಗಿತ್ತು. ಮಾರುವವರು ನಿಜವಾಗಿಯೂ ಅದನ್ನೇ ಅನುಕೂಲವೆಂದು ಹೇಳಿದಾಗ ನಗು ತಡೆಯಲು ಕಷ್ಟವಾಯಿತು.

ಲ್ಯೂಗರ್‌ನ ಆಸೆ ಬಿಟ್ಟಿಲ್ಲ, ಮುಂದೂಡಿದ್ದೇನೆ. ಈಗ ನನ್ನ ಮುಂದೆ ಎರಡು ಪಿ38 ಇವೆ. ಒಂದರ ಸ್ಲೈಡ್ ಮೇಲೆ "ಎಸಿ" ಎಂಬ ಅಕ್ಷರಗಳೂ ಅದರ ಕೆಳಗೆ 44 ಎಂದೂ ಇದೆ. ಬಣ್ಣ ಮಾತ್ರ ಅನುಮಾನ ಬರುವಷ್ಟು ಹೊಸದಾಗಿದೆ. ಇನ್ನೊಂದು ಯುದ್ಧದ ನಂತರದ ಪಿ1, ಹಗುರವಾಗಿದೆ, ತೀರಾ ಸವೆದಿಲ್ಲ. ಎರಡರಲ್ಲಿ ಯಾವುದು? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಹಳೇಕಬ್ಬಿಣ:

"ಎಸಿ" ಎಂದರೆ ವಾಲ್ಥರ್ ಕಾರ್ಖಾನೆಯ ಗುಪ್ತಾಕ್ಷರ, 44 ಎಂದರೆ 1944. ಮೌಸರ್ ಮಾಡಿದ ಪಿ38ರ ಮೇಲೆ "ಬಿವೈಎಫ್" ಎಂದೂ ಸ್ಪ್ರೇವೆರ್ಕ್ ಮಾಡಿದ್ದರ ಮೇಲೆ "ಸಿವೈಕ್ಯೂ" ಎಂದೂ ಇರುತ್ತದೆ. ಯುದ್ಧದ ಕೊನೆಯ ವರ್ಷಗಳಲ್ಲಿ ಅವಸರ ಹೆಚ್ಚಿದಂತೆ ಮೇಲ್ಮೈಯ ನಯ ಕಡಿಮೆಯಾಯಿತು, ಸ್ಲೈಡ್ ಮೇಲೆ ಉಪಕರಣದ ಗೀರುಗಳು ಉಳಿದುಕೊಂಡವು. ಆದ್ದರಿಂದ 1944ರ ಪಿಸ್ತೂಲು ಮದುವೆಮನೆಯ ಪಾತ್ರೆಯಂತೆ ಥಳಥಳಿಸುತ್ತಿದ್ದರೆ ಅನುಮಾನಪಡುವುದು ನ್ಯಾಯವೇ. ಸೋವಿಯತ್ ಸೈನ್ಯ ವಶಪಡಿಸಿಕೊಂಡ ಬಹಳಷ್ಟು ಪಿ38ಗಳನ್ನು ಅವರು ಬಿಚ್ಚಿ, ಶುಚಿ ಮಾಡಿ, ದಪ್ಪನಾದ ಕಪ್ಪುನೀಲಿ ಬಣ್ಣದಲ್ಲಿ ಅದ್ದಿ, ಕೈಗೆ ಸಿಕ್ಕ ಭಾಗಗಳನ್ನು ಜೋಡಿಸಿ ಉಗ್ರಾಣಕ್ಕೆ ಸೇರಿಸಿದರು. ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಹೊಸದನ್ನು ಕೈಯಿಂದ ಗೀಚಿದ ಗುರುತು ಕಂಡರೆ ಅದು ಅಂತಹುದೇ. ಅದಕ್ಕೂ ಅದರದೇ ಕಥೆಯಿದೆ, ಹಾರಿಸಲು ಚೆನ್ನಾಗಿರುತ್ತದೆ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು.

ಹೋಗುವಾಗ ಚಿಕ್ಕ ಟಾರ್ಚ್, ಬಿಳಿ ಕಾಗದದ ಚೂರು, ಸಾಧ್ಯವಿದ್ದರೆ 9 ಮಿ.ಮೀ.ನ ನಾಲ್ಕಾರು ಡಮ್ಮಿ ತೋಟಾ ಒಯ್ಯಿರಿ. ಬಿಚ್ಚಿ ನೋಡಲು ಅನುಮತಿ ಕೇಳಿ. ಒಪ್ಪದವರಿಂದ ಕೊಳ್ಳಬೇಡಿ. ಸ್ಲೈಡ್, ಫ್ರೇಮ್, ನಳಿಗೆ ಮೂರರ ಮೇಲಿನ ಸಂಖ್ಯೆಗಳನ್ನು ಓದಿ, ಕೊನೆಯಲ್ಲಿ ಬರುವ ಪುಟ್ಟ ಅಕ್ಷರವನ್ನೂ ಸೇರಿಸಿಯೇ ಹೋಲಿಸಿ. ಕಾಗದವನ್ನು ಕೋಣೆಯ ಕಡೆ ಹಿಡಿದು ಅದರ ಮೇಲೆ ಬೆಳಕು ಬಿಟ್ಟು ಮೂತಿಯಿಂದ ನೋಡಿದರೆ ಸುರುಳಿಗೆರೆಗಳು ಸ್ಪಷ್ಟವಾಗಿ ಕಾಣಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆಗಳಿದ್ದರೆ ಯಾರೋ ತುಕ್ಕುವೈರಿಯವರ ಮಾತು ಕೇಳಿಲ್ಲ ಎಂದರ್ಥ. ನಡುವೆ ಎಲ್ಲಾದರೂ ಉಂಗುರದಂತಹ ನೆರಳು ಕಂಡರೆ ನಳಿಗೆ ಒಳಗಿನಿಂದ ಉಬ್ಬಿದೆ, ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಹಾರಿಸಿದ ಗುರುತು ಅದು. ಅಂತಹ ಪಿಸ್ತೂಲನ್ನು ಹಾರಿಸುವ ಲೆಕ್ಕದಿಂದ ಕೈಬಿಡಿ.

ನಳಿಗೆಯ ಕೆಳಗೆ ಅಂಟಿಕೊಂಡಿರುವ ಬೀಗದ ತುಂಡನ್ನು ತೆಗೆದು ಅದರ ಎರಡು ಕಿವಿಗಳಲ್ಲಿ ಬಿರುಕಿದೆಯೇ ನೋಡಿ. ಪಿ38ರಲ್ಲಿ ಸೋಲುವ ಭಾಗ ಅದೇ. ಸ್ಲೈಡ್‌ನ ಹಿಂಭಾಗದ ಮೇಲ್ಮುಚ್ಚಳ ಬಿಗಿಯಾಗಿರಲಿ. ಸಡಿಲವಾದ ಮುಚ್ಚಳ ಹಾರಿಸುವಾಗ ಕಿತ್ತುಕೊಂಡು ಮುಖದತ್ತ ಬಂದದ್ದುಂಟು, ಅದರೊಂದಿಗೆ ಹಿಂದಿನ ಸೈಟೂ ಹೊರಟುಹೋಗುತ್ತದೆ. ಇನ್ನು ಸೇಫ್ಟಿ ಸನ್ನೆ. ಅದನ್ನು ಇಳಿಸಿದರೆ ಸುತ್ತಿಗೆ ಬೀಳುತ್ತದೆ, ಫೈರಿಂಗ್ ಪಿನ್ ತಡೆಯಲ್ಪಟ್ಟಿರುತ್ತದೆ ಎನ್ನುವುದು ವಿನ್ಯಾಸ. ಎಂಬತ್ತು ವರ್ಷ ಸವೆದ ಭಾಗದಲ್ಲಿ ಆ ವಿನ್ಯಾಸದ ಮೇಲೆ ಪ್ರಾಣ ಒಡ್ಡಬಾರದು. ಕೋಣೆ ಖಾಲಿಯಿದ್ದಾಗ ಮಾತ್ರ ಪರೀಕ್ಷಿಸಿ, ತೋಟಾ ಇದ್ದಾಗ ಎಂದಿಗೂ ಬೇಡ.

ಪಿ1 ಎಂದರೆ ಪಶ್ಚಿಮ ಜರ್ಮನಿಯ ಸೈನ್ಯಕ್ಕೆ 1957ರಿಂದ ಮಾಡಿದ ಅದೇ ಪಿಸ್ತೂಲು, ಫ್ರೇಮ್ ಮಾತ್ರ ಅಲ್ಯೂಮಿನಿಯಂ. ನೀವು ಹೇಳಿದ ಹಗುರ ಅದರಿಂದಲೇ. ಮುಂದಿನ ಮಾದರಿಗಳಲ್ಲಿ ಬೀಗ ಬಡಿಯುವ ಜಾಗದಲ್ಲಿ ಫ್ರೇಮ್‌ಗೆ ಅಡ್ಡಲಾಗಿ ಷಟ್ಕೋನದ ಉಕ್ಕಿನ ಪಿನ್ ಸೇರಿಸಿದರು. ಅದು ಇದ್ದರೆ ಒಳ್ಳೆಯದು. ಸಂಗ್ರಾಹಕರ ಕಣ್ಣಿಗೆ ಪಿ1 ಇನ್ನೂ ಅಷ್ಟಾಗಿ ಬಿದ್ದಿಲ್ಲ, ಹಾರಿಸುವವರಿಗೆ ಅದೇ ವರ. ನನ್ನ ಮಾತು ಕೇಳುವುದಾದರೆ ಎಸಿ 44ರ ಸಂಖ್ಯೆಗಳು ಹೊಂದಿಕೊಂಡು ಬಣ್ಣ ಮೂಲದ್ದೇ ಎಂದು ಖಾತ್ರಿಯಾದರೆ ಪಿ1ನ್ನು ಕೊಳ್ಳಿ, ಏಕೆಂದರೆ ಆಗ ಎಸಿ 44ನ್ನು ಹಾರಿಸಲು ನಿಮಗೆ ಮನಸ್ಸು ಬರಬಾರದು. ಸಂಖ್ಯೆಗಳು ಹೊಂದದೆ ಮರುಬಣ್ಣದ್ದೆಂದು ತಿಳಿದರೆ, ಬೆಲೆ ಇಳಿಸಿಕೊಂಡು ಅದನ್ನೇ ಕೊಳ್ಳಿ.

ಯಾವುದನ್ನೇ ಕೊಂಡರೂ ತೋಟಾ ಮಾತ್ರ ಹೊಸ ಕಾರ್ಖಾನೆಯ, ದುಂಡು ಮೂತಿಯ, ಪೂರ್ತಿ ತಾಮ್ರದ ಹೊದಿಕೆಯ 115 ಅಥವಾ 124 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನದಾಗಿರಲಿ. ಡಬ್ಬಿಯ ಮೇಲೆ "+ಪಿ" ಎಂದಿದ್ದರೆ ಅದು ಹೆಚ್ಚಿನ ಒತ್ತಡದ್ದು, ಹಿಂದಿರುಗಿಸಿ. ಟೊಳ್ಳು ಮೂತಿಯ ಗುಂಡುಗಳು ಈ ಪಿಸ್ತೂಲುಗಳ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಜೋಡಿಸಂಖ್ಯೆ:

ಒಂದೇ ಸೇರ್ಪಡೆ. ಹಾರಿಸುವ ಮುನ್ನ ಗನ್‌ಸ್ಮಿತ್ ಕೈಯಲ್ಲಿ ಒಮ್ಮೆ ತೋರಿಸಿ, ಹಿಂದಕ್ಕೆ ಬಂದ ಸ್ಲೈಡನ್ನು ಮರಳಿ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್‌ಗಳನ್ನು ಹೊಸದಕ್ಕೆ ಬದಲಾಯಿಸಿಕೊಳ್ಳಿ. ಪಿ38ರಲ್ಲಿ ಅವು ಎರಡು, ಪಕ್ಕಕ್ಕೊಂದರಂತೆ. ಹಳೆಯ ಸ್ಪ್ರಿಂಗ್ ಸೋತಿದ್ದರೆ ಸ್ಲೈಡ್ ಹಿಂದಕ್ಕೆ ಬಂದು ಫ್ರೇಮ್‌ಗೆ ಜೋರಾಗಿ ಬಡಿಯುತ್ತದೆ, ಬೀಗದ ತುಂಡು ಒಡೆಯುವುದೂ ಅದರಿಂದಲೇ. ತೆಗೆದ ಮೂಲ ಸ್ಪ್ರಿಂಗ್‌ಗಳನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಪಿಸ್ತೂಲಿನ ಸಂಖ್ಯೆ ಬರೆದಿಡಿ. ಮುಂದೊಂದು ದಿನ ನೀವು ಅದನ್ನು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಆ ಲಕೋಟೆಯನ್ನೇ.

ಹೊಸ ಸಂಗ್ರಾಹಕ:

ನೋಡಿಬಂದೆ. ಎಸಿ 44ರ ಸ್ಲೈಡ್ ಮತ್ತು ಫ್ರೇಮ್ ಒಂದೇ ಸಂಖ್ಯೆ, ನಳಿಗೆ ಬೇರೆ. ಫ್ರೇಮ್‌ನ ಎಡಬದಿಯಲ್ಲಿ ಗೀಚಿದ ಗುರುತೂ ಇದೆ. ಬೀಗದ ತುಂಡಿನಲ್ಲಿ ಬಿರುಕಿಲ್ಲ, ನಳಿಗೆ ಸ್ವಚ್ಛವಾಗಿದೆ. ಸಂಖ್ಯೆಗಳನ್ನು ಓದಿ ಹೇಳಿದ ಮೇಲೆ ಮಾರುವವರು ಮಾತಿಲ್ಲದೆ ಬೆಲೆ ಇಳಿಸಿದರು. ಕಾಗದಗಳು ನನ್ನ ಹೆಸರಿಗೆ ವರ್ಗವಾಗುವವರೆಗೆ ಪಿಸ್ತೂಲು ಅವರ ತಿಜೋರಿಯಲ್ಲೇ ಇರುತ್ತದೆ. ಅಷ್ಟರಲ್ಲಿ ಎರಡು ಸ್ಪ್ರಿಂಗ್‌ಗಳನ್ನೂ ಒಂದು ಲಕೋಟೆಯನ್ನೂ ತಂದಿಟ್ಟುಕೊಂಡಿದ್ದೇನೆ.